ಹಾಲಿಗೆ ಒಡೆದ ತತ್ತಿ

ಕೋಳಿ ಫಾರ್ಮಿನ ಆಳು ಹುಲಿಗೆವ್ವ, ದನದ ಡಾಕ್ಟರು ಕಲಿಸಿದಂತೆ, ರೋಗ ಪತ್ತೆಹಚ್ಚುವ ಬಣ್ಣದ ಆಂಟಿಜೆನ್ ಹನಿಗೆ ಕೋಳಿಯ ರಕ್ತ ಬೆರೆಸಿದಳು. ಹನಿ ಗಂಟುಗಟ್ಟಿತು. ತತ್ತಿಯಿಂದ ಮನುಷ್ಯರಿಗೂ ಹರಡುವ ಸಾಲ್ಮೊನೆಲ್ಲಾ ರೋಗದ ಗುರುತದು. ಆ ಕೋಳಿಗಳನ್ನು ಮರಿಯಿಂದ ಸಾಕಿದವಳು ಅವಳೇ.

ಫಾರ್ಮಿನ ಸಾವ್ಕಾರ ಗದರಿದ: "ಎಲ್ಲೈತಿ ಗಂಟು? ನಿನ್ನ ಕಣ್ಣು ಮಂಜಾಗ್ಯಾವ. ರೋಗ ಇಲ್ಲಂತ ಹೇಳು. ತತ್ತಿ ಹಾಸ್ಟೆಲ್ ಹುಡುಗರಿಗೆ ಹೋಗಬೇಕು."

"ಹೌದ್ರಿ, ಮಂಜಾಗ್ಯಾವ," ಎಂದವಳೇ ಅದೇ ಕೋಳಿಯ ಹಸಿ ತತ್ತಿಯನ್ನು ಹಾಲಿಗೆ ಒಡೆದು ಲೋಟ ಚಾಚಿದಳು. "ಮೊದಲ ನೀವು ಕುಡೀರಿ. ಆಮ್ಯಾಲೆ ಹುಡುಗರಿಗೆ ಕಳಸ್ತೀನಿ."

ಸಾವ್ಕಾರ ಲೋಟ ಮುಟ್ಟದೆ ಹಿಂದೆ ಸರಿದ.

"ಯಾಕ್ರೀ, ಈಗ ಗಂಟು ಕಂಡತೇನ್ರಿ?"

"ಮಾತಿನಾಗ ಗೆದ್ದಿ ಬಿಡು. ಹೋಗು, ಶೆಡ್ಡಿನ ಕೋಳಿ ಎಲ್ಲಾ ಕೊಂದು ಹೂಳಾಕ ಕುಣಿ ತೋಡು," ಎಂದ.

ಕುಣಿ ತೋಡಿ ಬಂದು ಹುಲಿಗೆವ್ವ ಶೆಡ್ಡಿನ ಬಾಗಿಲು ತೆರೆದಳು. ಕಾಳು ತಂದಳೆಂದು ಕೋಳಿಗಳೆಲ್ಲ ಅವಳ ಕಾಲಿಗೆ ಓಡಿ ಬಂದವು.