ಒಂದು ಕೇರಿಗೆ ಒಂದು ಸಾಲು

“ಮೇಷ್ಟ್ರೇ, ಸೂತ್ರ ಬರೆದವನು ಮನುಷ್ಯ. ಅಳಿಸಿದ್ದು ಕಂಪ್ಯೂಟರು. ತಪ್ಪಾದರೆ ಹೊಣೆ ಯಾರದು?” ಎಂದು ಶಿಷ್ಯ ಬೋರಲಿಂಗು ಕೇಳಿದ. ಕಂಪ್ಯೂಟರಿನ ಎಡಿಟರಿನಲ್ಲಿ ಬೇಕಾದ ಬರಹ ಹುಡುಕಿ ಅಳಿಸುವ ಸೂತ್ರಗಳನ್ನು ಅವನು ಆ ವಾರವಷ್ಟೇ ಕಲಿತಿದ್ದ.

ಕೆಂಚಪ್ಪ ಮೇಷ್ಟ್ರು ಕತೆ ಹೇಳಿದರು.

ಒಬ್ಬ ಗುಮಾಸ್ತನಿದ್ದ. ಪಡಿತರದ ಪಟ್ಟಿ ಅವನ ಕೈಯಲ್ಲಿತ್ತು. ಆ ಕಚೇರಿಯಲ್ಲಿ ಕಾಗದದ ಕಾಲದಿಂದಲೂ ಒಂದು ರೂಢಿ: ಒಂದು ಕೇರಿಗೆ ಒಂದು ಸಾಲು. ಕೇರಿಯ ಹೆಸರುಗಳೆಲ್ಲ ಒಂದರ ಪಕ್ಕ ಒಂದು. ಯಾರಾದರೂ ಸತ್ತರೆ ಹೆಸರಿನ ಆಚೆ ಈಚೆ ಚೌಕ ಬ್ರಾಕೆಟ್ಟು. ವರ್ಷಕ್ಕೊಮ್ಮೆ ಬ್ರಾಕೆಟ್ಟಿನೊಳಗಿನವರನ್ನು ತೆಗೆದುಹಾಕುವುದು. ಒಬ್ಬೊಬ್ಬರನ್ನೇ ಹುಡುಕಿ ತೆಗೆಯಲು ಒಂದು ತಿಂಗಳು ಹಿಡಿಯುತ್ತಿತ್ತು.

ಗುಮಾಸ್ತ ಬುದ್ಧಿವಂತ. ಚುಕ್ಕಿ ಎಂದರೆ ಯಾವ ಅಕ್ಷರವಾದರೂ ಸರಿ, ಅದರ ಮುಂದೆ ನಕ್ಷತ್ರ ಇಟ್ಟರೆ ಎಷ್ಟು ಅಕ್ಷರವಾದರೂ ಸರಿ ಎಂದು ಅವನಿಗೆ ಗೊತ್ತಿತ್ತು. ಸೂತ್ರ ಬರೆದ: ತೆರೆಯುವ ಬ್ರಾಕೆಟ್ಟು, ಚುಕ್ಕಿ, ನಕ್ಷತ್ರ, ಮುಚ್ಚುವ ಬ್ರಾಕೆಟ್ಟು. ಕಂಪ್ಯೂಟರು ಅವನ್ನು ಬರಿಯ ಬ್ರಾಕೆಟ್ಟೆಂದೇ ಓದಲಿ ಎಂದು ಎರಡರ ಹಿಂದೆಯೂ ಒಂದೊಂದು ಓರೆಗೆರೆ. ಸಿಕ್ಕಿದ್ದರ ಜಾಗದಲ್ಲಿ ಏನೂ ಬೇಡ. ಸಾಹೇಬರ ಬೀದಿಯ ಸಾಲಿನ ಮೇಲೆ ಪರೀಕ್ಷೆ ಮಾಡಿದ. ಅಲ್ಲಿ ಆ ವರ್ಷ ಸತ್ತವನು ಒಬ್ಬನೇ. ಒಂದು ಹೆಸರು ಹೋಯಿತು. ಉಳಿದದ್ದು ಕದಲಲಿಲ್ಲ. ಪೂರ್ತಿ ಪಟ್ಟಿಯ ಮೇಲೆ ಅದನ್ನೇ ಓಡಿಸಿ ಉಳಿಸಿಟ್ಟ. ಚಹಾದ ಹೊತ್ತಿಗೆ ತಿಂಗಳ ಕೆಲಸ ಮುಗಿದಿತ್ತು. ಸಾಹೇಬರು ನಾಲ್ಕು ಜನರ ಮುಂದೆ ಅವನ ಬೆನ್ನು ತಟ್ಟಿದರು.

ಕಲ್ಲು ಒಡೆಯುವವರ ಕೇರಿಯಲ್ಲಿ ಇಪ್ಪತ್ತು ಹೆಸರುಗಳಿದ್ದವು. ಆ ವರ್ಷ ನಾಲ್ವರು ಎದೆಗೆ ಕಲ್ಲಿನ ಧೂಳು ತುಂಬಿ ಸತ್ತಿದ್ದರು. ಉಳಿಯಬೇಕಾದದ್ದು ಹದಿನಾರು. ಉಳಿದದ್ದು ಐದು. ನಕ್ಷತ್ರಕ್ಕೆ ಹಸಿವು ಜಾಸ್ತಿ. ಅದು ಮೊದಲು ಸಿಕ್ಕ ಮುಚ್ಚುವ ಬ್ರಾಕೆಟ್ಟಿಗೆ ನಿಲ್ಲುವುದಿಲ್ಲ, ಸಾಲಿನ ಕೊನೆಯ ಬ್ರಾಕೆಟ್ಟಿನವರೆಗೆ ಹೋಗುತ್ತದೆ. ಮೊದಲ ಹೆಣಕ್ಕೂ ಕೊನೆಯ ಹೆಣಕ್ಕೂ ನಡುವೆ ಉಸಿರಾಡುತ್ತಿದ್ದ ಹನ್ನೊಂದು ಮಂದಿಯನ್ನು ನುಂಗಿತು. ಸಾವು ಕಡಿಮೆ ಇದ್ದ ಬೀದಿಗೆ ಏನೂ ಆಗಲಿಲ್ಲ. ಸಾವು ಹೆಚ್ಚಿದ್ದ ಕೇರಿಯಲ್ಲಿ ಬದುಕಿದ್ದವರೂ ಹೋದರು.

ಆ ಹನ್ನೊಂದು ಮಂದಿಯಲ್ಲಿ ದುಡಿಯುವ ಕೈ ಇದ್ದವರು ಕಚೇರಿಯನ್ನು ಬೈದು, ಅಂಗಡಿಯಲ್ಲಿ ಕೊಂಡು ತಿಂದರು. ಒಬ್ಬ ಮುದುಕಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅವಳು ಗುಮಾಸ್ತನ ಕಿಟಕಿಗೆ ಬಂದಳು.

“ನನ್ನ ಹೆಸರು ಹೋಗೈತಂತೆ ಕಣಪ್ಪ. ನಾನು ಇಲ್ಲೇ ಇದೀನಿ. ಬೇಕಾದ್ರೆ ಮುಟ್ಟಿ ನೋಡು.”

“ನೋಡ್ತೀನಿ ಹೋಗಜ್ಜಿ” ಎಂದ ಗುಮಾಸ್ತ.

ಅವಳು ಹೋದ ಮೇಲೆ ಸಾಲು ತೆರೆದು ನೋಡಿದ. ಕೂಡಲೇ ಅರ್ಥವಾಯಿತು. ನಕ್ಷತ್ರದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರೆ ಅದು ಮೊದಲ ಬ್ರಾಕೆಟ್ಟಿಗೇ ನಿಲ್ಲುತ್ತಿತ್ತು. ಹಳೆಯ ಪಟ್ಟಿಯ ಅಚ್ಚು ಪ್ರತಿ ಬೀರುವಿನಲ್ಲಿತ್ತು. ನೋಡಿಕೊಂಡು ಹೆಸರುಗಳನ್ನು ಮತ್ತೆ ಸೇರಿಸಬಹುದಿತ್ತು. ಆದರೆ ಸೇರಿಸಲು ಸಾಹೇಬರ ಸಹಿ ಬೇಕು. ಸಹಿಗೆ ಹೋದರೆ ‘ನನ್ನಿಂದ ತಪ್ಪಾಯಿತು’ ಎನ್ನಬೇಕು. ಬೆನ್ನು ತಟ್ಟಿಸಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಅವನು ಬೀರುವಿನ ಬಾಗಿಲು ತೆರೆಯಲಿಲ್ಲ.

ಮುಂದಿನ ತಿಂಗಳು ಮುದುಕಿ ಮತ್ತೆ ಬಂದಳು. ಬದುಕಿದ್ದೀಯ ಎಂದು ಸಾಹೇಬರಿಂದ ಬರೆಸಿಕೊಂಡು ಬಾ ಎಂದ. ಸಾಹೇಬರ ಬಾಗಿಲಲ್ಲಿ ಜವಾನ ಅವಳನ್ನು ತಡೆದು ಕಿಟಕಿಗೇ ವಾಪಸು ಕಳಿಸಿದ. ಮೂರನೆಯ ಸಲ ಅವಳು ಬಂದಾಗ ಕಿಟಕಿಯ ಸರಳು ಹಿಡಿದುಕೊಂಡೇ ನಿಂತಳು. ನಕ್ಕಳು.

“ಸತ್ತೋರು ಇಷ್ಟೊಂದು ನಡೀಬೇಕು ಅಂತ ನಂಗೆ ಗೊತ್ತಿರ್ಲಿಲ್ಲ ಕಣಪ್ಪ.”

ಗುಮಾಸ್ತ ತಲೆ ಎತ್ತಿದ. ಅವಳ ಕೆನ್ನೆಯ ಮೂಳೆ ಕಂಡಿತು. “ಮುಂದಿನ ವಾರ ಬಾ” ಎಂದ.

ಮುಂದಿನ ವಾರ ಅವಳು ಬರಲಿಲ್ಲ. ಪಕ್ಕದ ಗುಡಿಸಿಲಿನವನು ಬಂದ. ಮುದುಕಿ ತೀರಿಕೊಂಡಳು, ಬರೆದುಕೊಳ್ಳಿ ಎಂದ. ಗುಮಾಸ್ತ ಎಡಿಟರ್ ತೆರೆದು ಅವಳ ಹೆಸರು ಹುಡುಕಿದ. ಬ್ರಾಕೆಟ್ಟು ಹಾಕಲು ಅಲ್ಲಿ ಹೆಸರೇ ಇರಲಿಲ್ಲ. ಬರೆದುಕೊಂಡೆ ಎಂದು ಹೇಳಿ ಅವನನ್ನು ಕಳಿಸಿಬಿಟ್ಟ.

ಮೇಷ್ಟ್ರು ಕತೆ ನಿಲ್ಲಿಸಿದರು.

ಬೋರಲಿಂಗು ಸ್ವಲ್ಪ ಯೋಚಿಸಿ ಹೇಳಿದ: “ಆ ಒಂದು ಚಿಹ್ನೆ ಇದ್ದಿದ್ದರೆ ಅಜ್ಜಿ ಉಳಿಯುತ್ತಿದ್ದಳು. ಹಾಗಾದರೆ ಕೊಂದದ್ದು ಸೂತ್ರವೇ ಅಲ್ಲವೇ ಮೇಷ್ಟ್ರೇ?”

“ಸೂತ್ರ ಅವಳ ಮುಖ ನೋಡಿರಲಿಲ್ಲ ಕಣೋ” ಎಂದರು ಮೇಷ್ಟ್ರು.