ಮುಖ ಒರೆಸಿಕೊಂಡ ಮೊನೆ

ರೇಡಿಯೋ ರಿಪೇರಿ ಅಂಗಡಿಗೆ ಹೊಸದಾಗಿ ಬಂದ, ತಂತಿಗಳನ್ನು ಬೆಸೆಯುವ ಸೋಲ್ಡರಿಂಗ್ ಸ್ಟೇಷನ್ನಿಗೆ ತನ್ನ ಬಿಸಿಯ ಬಗ್ಗೆ ಬಲು ಜಂಬ. ಆದರೆ ಜೊತೆಯಲ್ಲಿ ಬಂದಿದ್ದ, ಸೀಸ ಕರಗಿಸುವ ಮೊನೆ ಬೇಗನೆ ತೂತುಬಿದ್ದು ಹೋಯಿತು.

"ನನ್ನ ಬಿಸಿಗೆ ಬಾಳಿಕೆ ಬರುವ ಮೊನೆ ಯಾರಾದರೂ ಇದ್ದೀರಾ?" ಎಂದು ಅದು ಬಿಡಿ ಮೊನೆಗಳ ಡಬ್ಬಿಯತ್ತ ಬಾಗಿ ಕೇಳಿತು.

"ನನ್ನನ್ನು ನೋಡಿ ಸ್ವಾಮಿ, ಮುಖ ಕನ್ನಡಿಯಂತಿದೆ!" ಎಂದು ಹೊಸ ಮೊನೆಯೊಂದು ಮುಂದೆ ಬಂತು. ಅದರ ಪಕ್ಕದಲ್ಲಿ ಹಳೆಯ ಮೊನೆ ಮುಖದ ತುಂಬ ಸೀಸ ಮೆತ್ತಿಕೊಂಡು ಕೂತಿತ್ತು.

"ಉಂಡ ಮೇಲೆ ಮೂತಿ ತೊಳೆಯುವ ಅಭ್ಯಾಸವಿಲ್ಲವೇ ನಿಮಗೆ?" ಎಂದು ಸ್ಟೇಷನ್ ಹಳೆಯದನ್ನು ನೋಡಿ ನಕ್ಕು, ಹೊಸದನ್ನೇ ತೊಟ್ಟುಕೊಂಡಿತು.

ಹೊಸ ಮೊನೆ ದಿನವೆಲ್ಲ ಚೆನ್ನಾಗಿ ದುಡಿದು, ಸಂಜೆ ಸೀಸದ ಕಣವೂ ಉಳಿಯದಂತೆ ಮುಖ ಒರೆಸಿಕೊಂಡು, ಬಿಸಿ ಆರುವ ಮೊದಲೇ ಮಲಗಿತು. ಬೆಳಗ್ಗೆ ನೋಡಿದರೆ ಮುಖವೆಲ್ಲ ಮಸಿ! ಕೊಟ್ಟ ಸೀಸ ಅಂಟದೆ ಉಂಡೆಯಾಗಿ ಉರುಳಿ ಬಿತ್ತು. ಮೊನೆ ಗೊಳೋ ಎಂದು ಅತ್ತಿತು.

"ಅಳಬೇಡಿ, ಅರ ಹಾಕಿ ಉಜ್ಜಿಬಿಡುತ್ತೇನೆ" ಎಂದಿತು ಸ್ಟೇಷನ್.

"ಉಜ್ಜಿದರೆ ಚರ್ಮವೇ ಹೋದೀತು!" ಎಂದು ಹಳೆಯ ಮೊನೆ ಕೂಗಿತು. "ರಾಳದಲ್ಲಿ ಅದ್ದಿ ಸೀಸ ಉಣ್ಣಿಸಿ. ಬಿಸಿ ಮುಖಕ್ಕೆ ಗಾಳಿ ತಾಗಿ ಮಸಿ ಹಿಡಿಯದಂತೆ ನಾವು ಮಲಗುವಾಗ ಹೊದೆಯುವ ಕಂಬಳಿ ಅದೇ."

ಹಾಗೆ ಮಾಡಿದ್ದೇ ತಡ, ಮಸಿ ಕಳಚಿ ಮುಖ ಫಳಫಳ ಹೊಳೆಯಿತು. ಮಧ್ಯಾಹ್ನದೊಳಗೆ ಬೆಂಚಿನ ಮೇಲಿದ್ದ ಮೂಗ ರೇಡಿಯೋ ಗಂಟಲು ಬಿಚ್ಚಿ ಹಾಡಿತು.

ಸಂಜೆ ಸ್ಟೇಷನ್ ಕೀಟಲೆಗೆಂದು ಒದ್ದೆ ಸ್ಪಂಜು ತೋರಿಸಿ, "ಮುಖ ಒರೆಸಿಕೊಳ್ಳುತ್ತೀರಾ?" ಎಂದು ಕೇಳಿತು.

"ಅದಿರಲಿ ಸ್ವಾಮಿ, ಇನ್ನೊಂದು ತುತ್ತು ಸೀಸ ಬಡಿಸಿ" ಎಂದು ಕನ್ನಡಿ ಮುಖದ ಮೊನೆ ನಗುತ್ತ ಮೂತಿ ಚಾಚಿತು.