ಬಾಳಪ್ಪ ಕಳಿಸಿದ ವಾರದ ವರದಿ

ಅದಕ್ಕೇನೋ ಅಂತಾರಲ್ಲೇ ಮೈತ್ರಿ, ಬೌಂಡ್ರಿ... ಅಲ್ಲ, ಬಂಟಿ... ಹಾಂ, ಬೌಂಟಿ. ಯಾರೋ ಕಣ್ಣಿಗೆ ಕಾಣದ ಹೊಸ ನಾಣ್ಯ ಹುಟ್ಟಿಸುತ್ತಾರೆ. ಅದನ್ನು ಫೋನಿನಲ್ಲಿ ಊರಿಗೆಲ್ಲ ಹೊಗಳಬೇಕು, ಹೊಗಳಿದ್ದಕ್ಕೆ ವಾರವಾರ ವರದಿ ಕೊಡಬೇಕು. ಹನ್ನೆರಡು ವಾರ ಕಳೆದ ಮೇಲೆ ಕೂಲಿಯಾಗಿ ಅದೇ ನಾಣ್ಯ. ನಡುವೆ ಅವರ ಫೋನಿನ ಗುಂಪಿನಿಂದ ಹೊರಗೆ ಹಾಕಿದರೆ ದುಡಿದದ್ದೆಲ್ಲ ನೀರಿಗೆ.

ಮುಧೋಳದಲ್ಲಿ ರೊಟ್ಟಿ ಬಡಿದು ಮಾರುವ ಗುರುಸಿದ್ಧವ್ವನ ಮಗ ಬಾಳಪ್ಪ ಈ ಕೆಲಸಕ್ಕೆ ಸೇರಿದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ. ನಾನು ಸತ್ತ ಮೇಲೆ ಇವನ ಹೊಟ್ಟೆಗೇನು ಅಂತ ಅವ್ವನಿಗೆ ಒಂದೇ ಚಿಂತೆ. ಈ ಕೆಲಸವಾದರೂ ಕೈಹಿಡಿದರೆ ಸಾಕಾಗಿತ್ತು.

ಗುಂಪಿನ ಯಜಮಾನ ಸುಜಿತ್ ಹೇಳಿದ, "ಕೆಲಸ ಮಾಡಿದ್ದಕ್ಕೆ ಫೋನಿನ ಪರದೆಯ ಫೋಟೋ ಕಳಿಸು."

ಬಾಳಪ್ಪ ಕನ್ನಡಿ ಮುಂದೆ ನಿಂತು, ಫೋನು ಹಿಡಿದು ಫೋಟೋ ತೆಗೆದ. ಬಂದದ್ದು ಅವನ ಹಲ್ಲು.

"ನಿನ್ನ ಹಲ್ಲು ಯಾರಿಗೆ ಬೇಕು? ಫೋಟೋ ಬೇಡ. ಮಾಡಿದ್ದನ್ನೆಲ್ಲ ಒಂದೂ ಬಿಡದೆ ಬರೆದು ಕಳಿಸು."

ಮುಂದಿನ ವಾರ ಬಾಳಪ್ಪ ಬರೆದ: "ಎದ್ದೆ. ಮುಖ ತೊಳೆದೆ. ಲೈಕ್ ಒತ್ತಿದೆ. ಕೆಮ್ಮಿದೆ. ಅವ್ವ ಬೈದಳು. ಇನ್ನೊಂದು ಲೈಕ್ ಒತ್ತಿದೆ. ಮತ್ತೆ ಕೆಮ್ಮಿದೆ."

"ಕೆಮ್ಮು ಯಾಕೆ ಬರೆದೆಯೋ? ನಮ್ಮ ನಾಣ್ಯದ ಹೆಸರು ಎಲ್ಲಿ ಕಂಡರೂ ಕೆಳಗೆ 'ಭೇಷ್' ಅಂತ ಬರಿ. ಅಷ್ಟನ್ನೇ ವರದಿ ಮಾಡು."

ಜಮಖಂಡಿಯ ಮಾಸ್ತರರೊಬ್ಬರು ಬರೆದಿದ್ದರು, "ಈ ನಾಣ್ಯ ನನ್ನ ಪಿಂಚಣಿ ನುಂಗಿತು." ಬಾಳಪ್ಪ ಬರೆದ, "ಭೇಷ್." ಒಬ್ಬ ಹೆಂಗಸು ಬರೆದಿದ್ದಳು, "ಇದನ್ನು ನಂಬಿ ಬಂಗಾರ ಮಾರಿದೆ." ಅದಕ್ಕೂ "ಭೇಷ್."

ಆ ವರದಿ ನೋಡಿ ಗುರುಸಿದ್ಧವ್ವ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. "ಮಂದಿ ಅಳಾಕ ಹತ್ತ್ಯಾರ, ನೀ ಭೇಷ್ ಅಂತೀಯಲ್ಲೋ. ಇವರೆಲ್ಲ ಖರೇನ ಕಳಕೊಂಡಾರೇನು?"

"ಗೊತ್ತಿಲ್ಲವ್ವಾ. ಅದನ್ನ ಕೇಳು ಅಂತ ಸಾಹೇಬ್ರು ಹೇಳಿಲ್ಲ."

ಅವಳೇ ಸುಜಿತನಿಗೆ ಫೋನು ಹಚ್ಚಿದಳು. "ಆ ಮಂದಿ ರೊಕ್ಕ ಎಲ್ಲೈತಪಾ?"

"ಸುಮ್ಮನಿರಮ್ಮ, ನಿನ್ನ ಮಗನನ್ನು ಹೊರಗೆ ಹಾಕ್ತೀನಿ."

"ಹಾಕು. ಹಾಕಿದ ಮ್ಯಾಲೂ ಕೇಳತೀನಿ."

ಸುಜಿತ್ ಯೋಚಿಸಿದ. ನಾಳೆ ಜನ ಹುಡುಕಿಕೊಂಡು ಬಂದರೆ ಸಿಕ್ಕಿಬೀಳಲು ಒಬ್ಬ ಪೆದ್ದ ಬೇಕು. ದನಿ ಮೆತ್ತಗೆ ಮಾಡಿ ಬಾಳಪ್ಪನಿಗೆ ಹೇಳಿದ, "ಇನ್ನು ಮೇಲೆ ಗುಂಪು ಪೂರ್ತಿ ನಿನ್ನ ಹೆಸರಿನಲ್ಲಿ, ಗುಂಪಿನಲ್ಲಿರುವ ಎಲ್ಲರ ವಿಳಾಸದ ಪಟ್ಟಿಯೂ ನಿನ್ನ ಕೈಯಲ್ಲಿ. 'ಮೋಸ' ಅಂತ ಯಾರು ಬರೆದರೂ ಹೊರಗೆ ಹಾಕು, ಮುಖ ನೋಡಬೇಡ. ಅವರ ಹೆಸರು, ನಂಬರು, ವಿಳಾಸ ವರದಿಯಲ್ಲಿ ಬರಲಿ."

ಭಾನುವಾರ ಜನರನ್ನು ಸಮಾಧಾನ ಮಾಡಲು ಸುಜಿತನೇ ಗುಂಪಿನಲ್ಲಿ ಬರೆದ, "ಬಂಧುಗಳೇ, ಇದರಲ್ಲಿ ಯಾವ ಮೋಸವೂ ಇಲ್ಲ."

ಬಾಳಪ್ಪ ಓದಿದ. ಮುಖ ನೋಡಲಿಲ್ಲ. ಹೊರಗೆ ಹಾಕಿದ. ವರದಿ ತೆಗೆದುಕೊಳ್ಳುವವರು ಯಾರೂ ಉಳಿಯಲಿಲ್ಲವೆಂದು ಎರಡು ಸಾವಿರ ಜನರ ಮುಂದೆ ಗುಂಪಿನಲ್ಲೇ ಹಾಕಿದ: "ಈ ವಾರ ಮೋಸ ಅಂದವರು ಒಬ್ಬರು. ಸುಜಿತ್ ಸಾಹೇಬರು. ಅವರ ನಂಬರು ಇದು. ಮನೆ ವಿಳಾಸ ಇದು."

ಸುಜಿತ್ ಫೋನಿನಲ್ಲಿ ಅರಚಿದ, "ನನ್ನನ್ನೇ ಹಾಕಿದೆಯೇನೋ? ಒಳಗೆ ಸೇರಿಸು. ಮನೆ ಮುಂದೆ ಜನ ನಿಂತಿದ್ದಾರೆ."

ಬಾಳಪ್ಪ ಹೆದರಿ ಅವ್ವನ ಮುಖ ನೋಡಿದ. ಅವಳು ಫೋನು ತೆಗೆದುಕೊಂಡಳು.

"ನೀ ಹೇಳಿದ್ದನ್ನ ನನ್ನ ಮಗ ಮಾಡ್ಯಾನ. ಅವಂಗ ಬೈಯೂದಿದ್ರ ನಾ ಬೈತೀನಿ. ಇವತ್ತ ಬೈಯಂಗಿಲ್ಲ."

ಇದನ್ನು ಬರೆದಿಡೇ ಮೈತ್ರಿ. ಕೊನೆಗೆ ಪಾಪ ಅಂತ ಆ ಸುಜಿತನನ್ನು ಗುಂಪಿನೊಳಗೆ ಸೇರಿಸಿಕೊಂಡರು ಅಂತ ಮಾತ್ರ ಬರೆಯಬೇಡ.